ಕೂಸಿನ ಮೇಲೆ ಹಾಕಿದ ವಾಸನೆ

ಮೊಲೆಹಾಲು ಕುಡಿಯುವ ಕೂಸಿನ ಹೇಲು ನಾರುವುದಿಲ್ಲ. ಸಾಸಿವೆ ಅರೆದಂತೆ ಹಳದಿ ಇರುತ್ತದೆ, ಸ್ವಲ್ಪ ಹುಳಿ ಮೊಸರಿನ ವಾಸನೆ ಇರುತ್ತದೆ, ಅಷ್ಟೇ. ನಾಲ್ಕು ಮಕ್ಕಳನ್ನು ಹೆತ್ತು ಏಳು ಮೊಮ್ಮಕ್ಕಳ ಲಂಗೋಟಿ ಒಗೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೊಮ್ಮಗಳ ಬಾಣಂತನದಲ್ಲಿ ಒಂದು ತಿಂಗಳು ಇದನ್ನೇ ಮರೆತಿದ್ದೆ. ಮರೆತಿದ್ದೆನೋ, ಮರೆತವಳಂತೆ ಇದ್ದೆನೋ, ಈಗಲೂ ನನಗೆ ತಿಳಿಯದು.

ಅವಳು ನನ್ನ ಮಗನ ಮಗಳು. ಜುಗೂಳಕ್ಕೆ ಕೊಟ್ಟಿದ್ದೇವೆ, ಹೊಳೆದಂಡೆಯಲ್ಲಿ ಕಬ್ಬು ಇರುವ ಮನೆತನ. ಚೊಚ್ಚಲು ತವರಲ್ಲೇ ಆಗಬೇಕೆಂದು ಏಳು ತುಂಬಿದ ಮೇಲೆ ನಿಪ್ಪಾಣಿಗೆ ಕರೆತಂದೆವು. ಕೂಸಿಗೆ ಮೂರು ತಿಂಗಳು ತುಂಬಿದರೆ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುತ್ತಾರೆ, ಇದು ಮೊದಲೇ ಆದ ಮಾತು. ಅವಳ ತಾಯಿ, ಅಂದರೆ ನನ್ನ ಸೊಸೆ, ಬೆಳಿಗ್ಗೆ ಬೋರಗಾಂವದ ಮಗ್ಗದ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಹೀಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ಬೀಡಿ ಕಟ್ಟುವುದು ಬಿಟ್ಟ ಮೇಲೆ ನನ್ನ ಕೈ ಖಾಲಿ ಇತ್ತು. ಬಾಣಂತನದಲ್ಲಿ ಓಣಿಯೊಳಗೆ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕೂ ಇತ್ತು.

ಕೂಸು ದೊಡ್ಡದು. ತಲೆ ಕೆಳಗೆ ಬಂದು ಸಿಕ್ಕಿಕೊಂಡಿತು. ದವಾಖಾನೆಯಲ್ಲಿ ಚಿಮಟದಂಥ ಇಕ್ಕಳ ಹಾಕಿ ಎಳೆದರು. ಅದನ್ನು ಎಳೆಯದಿದ್ದರೆ ಕೂಸು ಉಳಿಯುತ್ತಿರಲಿಲ್ಲವಂತೆ, ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಡಾಕ್ಟರಬಾಯಿ ಹೊರಗೆ ಬಂದು, ಹಿಂದಿನ ತನಕ ಹರಿದಿದೆ, ಹೊಲಿದಿದ್ದೇನೆ, ಹತ್ತು ದಿನಕ್ಕೆ ಹೊಲಿಗೆ ತೋರಿಸಲು ಕರೆತನ್ನಿ ಎಂದರು. ಕುಡಿಯಲು ಒಂದು ಸಿಹಿ ಔಷಧದ ಬಾಟಲಿ ಕೊಟ್ಟರು. ಹೆರಿಗೆ ಎಂದರೆ ಹರಿಯುವುದೇ, ಅದರಲ್ಲಿ ಹೇಳುವಂಥದ್ದೇನು ಎಂದುಕೊಂಡು ನಾನು ತಲೆಯಾಡಿಸಿದೆ. ಹಿಂದಿನ ತನಕ ಎಂದರೆ ಎಲ್ಲಿಯ ತನಕ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲವೂ ನನ್ನ ಪದ್ಧತಿಯಂತೆ ನಡೆಯಿತು. ಹೊರಸಿನ ಕೆಳಗೆ ಕೆಂಡದ ಶೇಗಡಿ, ಮೈ ಸುಡುವಂಥ ನೀರು, ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟುವುದು, ಅಂಟಿನ ಉಂಡೆ, ಅಳವಿ ಪಾಯಸ. ಕುಡಿಯಲು ಅಜವಾನದ ಬಿಸಿನೀರು, ಅದೂ ಗುಟುಕು ಗುಟುಕು. ಬಾಣಂತಿ ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನನ್ನ ಅತ್ತೆ ನನಗೆ ಹೇಳಿದ್ದಳು, ನಾನು ಇವಳಿಗೆ ಹೇಳಿದೆ.

ಸಿಹಿ ಔಷಧ ಯಾತಕ್ಕೆ ಎಂದು ಎರಡನೇ ದಿನ ಕೇಳಿದೆ.

"ಸಂಡಾಸ ಮೆತ್ತಗ ಆಗಾಕಂತ, ಆಯಿ."

"ಹಸಿ ಬಾಣಂತಿಗಿ ಯಾರರೆ ಜುಲಾಬಿನ ಔಷಧ ಕೊಡ್ತಾರೇನ? ತಾರ ಇಲ್ಲೆ."

ಬಾಟಲಿಯನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟುಬಿಟ್ಟೆ. ಹತ್ತನೇ ದಿನ ದವಾಖಾನೆಯಿಂದ ಫೋನು ಬಂತು. ಎಲ್ಲಾ ಆರಾಮ ಐತ್ರಿ, ನಲವತ್ತು ದಿನ ಆಗದ ಬಾಣಂತಿಯನ್ನು ನಾವು ಹೊಸ್ತಿಲು ದಾಟಿಸುವುದಿಲ್ಲ ಎಂದು ನಾನೇ ಹೇಳಿದೆ. ಅವಳು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೇಳಿಸಿಕೊಂಡಳು.

ಅಷ್ಟೊತ್ತಿಗೆ ಕೋಣೆಯಲ್ಲಿ ವಾಸನೆ ಶುರುವಾಗಿತ್ತು. ಇಷ್ಟು ವರ್ಷ ತಂಬಾಕಿನ ನಡುವೆ ಕೂತು ನನ್ನ ಮೂಗು ಸತ್ತಿದೆ ಎಂದು ಮನೆಯಲ್ಲಿ ನಗುತ್ತಾರೆ. ಆ ಮೂಗಿಗೂ ಬಂತು.

"ಕೂಸು ಮತ್ತ ಮಾಡೇತೇನ ನೋಡ."

"ಹೂಂ ಆಯಿ, ಈಗರ ತಗದೆ."

ಅರಿವೆಯನ್ನು ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡಿರುತ್ತಿದ್ದಳು. ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನು ರೊಟ್ಟಿ ಬಡಿಯುವಾಗ ತಾನೇ ಬಚ್ಚಲಿಗೆ ಹೋಗಿ ಒಗೆದು ಹಾಕುತ್ತಿದ್ದಳು. ತಂಪು ನೀರಿನಲ್ಲಿ ಕೈ ಹಾಕಬೇಡ, ಮುದುಕಿಯಾದಾಗ ಕೀಲು ಹಿಡಿಯುತ್ತವೆ ಎಂದು ಬೈದೆ. ನನ್ನ ಕೂಸಿಂದು ನಾನೇ ಒಗೀತೀನಿ ಎಂದಳು. ಎಷ್ಟು ಜಾಣ ತಾಯಿ ಎಂದು ಓಣಿಯವರ ಮುಂದೆ ಹೊಗಳಿಯೂ ಬಂದೆ. ಹಗ್ಗದ ಮೇಲೆ ಒಣಗುತ್ತಿದ್ದ ಅರಿವೆಗಳಲ್ಲಿ ಅರ್ಧ ಸೀರೆಯಷ್ಟು ಅಗಲದವು ಇದ್ದವು. ಅಂಗೈ ಅಗಲದ ಕುಂಡಿಯ ಕೂಸಿಗೆ ಅರ್ಧ ಸೀರೆ ಯಾತಕ್ಕೆ? ನೋಡಿದೆ, ಕಣ್ಣಿಗೆ ಕಂಡಿತು, ತಲೆಗೆ ಹೋಗಲಿಲ್ಲ.

ಕೂಸಿನ ಹೊಟ್ಟೆ ಕೆಟ್ಟಿದೆ ಎಂದು ನಾನು ನಿರ್ಧಾರ ಮಾಡಿದೆ. ಸಾಣೆಕಲ್ಲಿನ ಮೇಲೆ ಜಾಜಿಕಾಯಿ, ಮಾಯಿಫಲ, ಬಜೆ ತೇಯ್ದು ದಿನಾ ಘುಟ್ಟಿ ನೆಕ್ಕಿಸುತ್ತಿದ್ದೆ, ಅದನ್ನು ಎರಡು ಸುತ್ತು ಹೆಚ್ಚು ಮಾಡಿದೆ. ಕೂಸು ನಾಲ್ಕು ದಿನ ಮಾಡಲೇ ಇಲ್ಲ. ಹೊಟ್ಟೆ ತಮಟೆಯಂತೆ ಬಿಗಿಯಿತು. ಕಾಲು ಮಡಚಿ ಮಡಚಿ ಅಳತೊಡಗಿತು. ವಾಸನೆ ಮಾತ್ರ ಹಾಗೇ ಇತ್ತು. ಮಾಡದ ಕೂಸಿನಿಂದ ವಾಸನೆ ಹೇಗೆ ಬರುತ್ತದೆ? ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಿಳಿದುಕೊಳ್ಳುತ್ತಿದ್ದರು. ನಾನು ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ.

ಐದನೇ ದಿನ ಮತ್ತೆ ಸಾಣೆಕಲ್ಲು ಹಿಡಿದು ಬಂದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ಹಾಕಬ್ಯಾಡ."

"ಬಿಡ ಕೈ. ಕೂಸಿನ ಹೊಟ್ಟಿ ಕೆಟ್ಟೇತಿ."

"ಕೂಸಿನ ಹೊಟ್ಟಿ ನೀ ಕೆಡಿಸೀದಿ. ವಾಸನಿ ಅದರದಲ್ಲ ಆಯಿ. ನಂದು."

"ನಿಂದಂದ್ರ?"

"ನಂದಂದ್ರ ನಂದು. ನನಗ ಹಿಡಿಯಾಕ ಬರಾಂಗಿಲ್ಲ. ಒಮ್ಮೊಮ್ಮಿ ಬಂದಿದ್ದೂ ಗೊತ್ತಾಗೂದಿಲ್ಲ. ಕೂಸಿನ ಮ್ಯಾಲ ಹಾಕಿ ಸುಳ್ಳ ಹೇಳೀನಿ."

ಹೇಳಿ ಅವಳು ಅತ್ತಳು, ಕೂಸೂ ಅತ್ತಿತು. ನಾನು ಕಲ್ಲು ಹಿಡಿದುಕೊಂಡು ನಿಂತಿದ್ದೆ. ನಿಜ ಹೇಳುತ್ತೇನೆ, ನನಗೆ ಕರುಣೆ ಬರಲಿಲ್ಲ. ಅರ್ಥವೇ ಆಗಲಿಲ್ಲ. ದೊಡ್ಡ ಹೆಂಗಸಿಗೆ ಬರುವುದು ಗೊತ್ತಾಗುವುದಿಲ್ಲ ಎಂದರೆ ಏನು? ಹಸಿವೆ ಗೊತ್ತಾಗುತ್ತದೆ, ನಿದ್ದೆ ಗೊತ್ತಾಗುತ್ತದೆ, ಇದು ಹೇಗೆ ಗೊತ್ತಾಗುವುದಿಲ್ಲ? ಸೋಮಾರಿತನವೇ ಎಂದು ಒಂದು ಗಳಿಗೆ ಅನಿಸಿತು. ತುಪ್ಪ ಹೆಚ್ಚಾಗಿ ಭೇದಿಯಾಗಿದೆ ಎಂದು ಇನ್ನೊಂದು ಗಳಿಗೆ. ಕೊನೆಗೆ ಭೇದಿಯೇ ಎಂದು ಹಿಡಿದುಕೊಂಡೆ, ಯಾಕೆಂದರೆ ಭೇದಿಗೆ ನನ್ನ ಹತ್ತಿರ ಮದ್ದಿತ್ತು. ಕೂಸಿನ ಜಾಜಿಕಾಯಿ ತಾಯಿಗೆ ತೇಯ್ದೆ. ಅಂಟಿನ ಉಂಡೆ ನಿಲ್ಲಿಸಿದೆ. ನೀರು ಇನ್ನೂ ಕಡಿಮೆ ಮಾಡಿದೆ.

ಮೂರು ದಿನಕ್ಕೆ ಅವಳಿಗೆ ಕಲ್ಲಿನಂತೆ ಗಟ್ಟಿಯಾಯಿತು. ಸಂಡಾಸಿನಲ್ಲಿ ಗೋಡೆ ಹಿಡಿದು ಚೀರಿದಳು, ರಕ್ತ ಬಂತು. ಅದರ ಮರುದಿನ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು, ಎದ್ದಾಗ ಹಾಸಿಗೆಯ ಮೇಲೆ ಗಟ್ಟಿಯದೇ ಬಿದ್ದಿತ್ತು. ಅವಳಿಗೆ ಗೊತ್ತಾಗಿರಲಿಲ್ಲ. ನಾನು ನೋಡಿದ ಮೇಲೆ ಅವಳು ನೋಡಿದಳು. ಗಟ್ಟಿಯಿದ್ದದ್ದು ಭೇದಿಯಲ್ಲ. ಹಾಗಾದರೆ ಇದು ಯಾವುದು? ನನ್ನ ಹತ್ತಿರ ಇದಕ್ಕೆ ಹೆಸರೇ ಇರಲಿಲ್ಲ.

"ಫೋನಿನ್ಯಾಗ ಓದೀನಿ ಆಯಿ. ಹರದವರಿಗೆ ಹಿಂಗ ಆಗತೈತಂತ. ದವಾಖಾನಿಗಿ ಹೋಗೂನು."

"ಇನ್ನ ಎಂಟ ದಿನ ಐತಿ ನಲವತ್ತಕ್ಕ. ಗಾಳಿ ಹತ್ತಿತಂದ್ರ ಸನ್ನಿ ಆಗತೈತಿ."

"ನಾ ಜುಗೂಳಕ್ಕ ಹೋಗಾಂಗಿಲ್ಲ. ಇದ ಹಿಂಗ ಇದ್ರ ಹೋಗಾಂಗಿಲ್ಲ. ಆ ಮನ್ಯಾಗ ಹತ್ತ ಮಂದಿ ಅದಾರ. ಅಡಗಿ ಮಾಡಬೇಕ, ಪಂಕ್ತಿಗಿ ಬಡಸಬೇಕ. ಅವರ ಮುಂದ ಬಗ್ಗಿ ಬಡಸಾಗ ಬಂತಂದ್ರ?"

ನನ್ನಲ್ಲಿ ಇದ್ದದ್ದು ಎಂಟು ದಿನದ ಹಟ ಮಾತ್ರ.

ಆ ಎಂಟು ದಿನದಲ್ಲಿ ನನಗೆ ಬೇಡವಾದ ಒಬ್ಬಳು ನೆನಪಾದಳು. ನಾನು ಪ್ರಾಯದವಳಿದ್ದಾಗ ನಮ್ಮ ಬೀಡಿ ಕಾರಖಾನೆಯಲ್ಲಿ ಒಬ್ಬಳಿದ್ದಳು, ಎರಡು ಕೂಸಿನ ತಾಯಿ. ಬಾಗಿಲ ಹತ್ತಿರವೇ ಕೂಡುತ್ತಿದ್ದಳು, ದಿನಕ್ಕೆ ಐದಾರು ಸಲ ಮೊರ ಕೆಳಗಿಟ್ಟು ಓಡುತ್ತಿದ್ದಳು. ನಾವು ಮೂಗಿಗೆ ಸೆರಗು ಹಚ್ಚಿ ನಮ್ಮ ಮೊರಗಳನ್ನು ಆಚೆ ಸರಿಸಿಕೊಳ್ಳುತ್ತಿದ್ದೆವು. ಬಂತ್ರೇ ಅತ್ತರದ ಅಂಗಡಿ ಎಂದು ಅವಳನ್ನು ಆಡಿಕೊಂಡವಳು ನಾನು. ಎಲ್ಲರೂ ನಕ್ಕರು. ಸ್ವಲ್ಪ ದಿನಕ್ಕೆ ಅವಳು ಬರುವುದು ಬಿಟ್ಟಳು. ಮನೆಯಲ್ಲೇ ಕಟ್ಟುತ್ತಾಳಂತೆ ಎಂದರು. ಅವಳಿಗೂ ಇದೇ ಇತ್ತೇ? ಇರಬಹುದು. ಇಲ್ಲದಿರಬಹುದು. ಕೇಳಲು ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳು ಹೊಲಸು ಹೆಂಗಸು ಎಂದು ಇಷ್ಟು ವರ್ಷ ತಿಳಿದಿದ್ದೆ. ಈಗ ನನ್ನ ಮೊಮ್ಮಗಳು ದಿನಕ್ಕೆ ನಾಲ್ಕು ಸಲ ಮೈ ತೊಳೆಯುವುದನ್ನು ನೋಡುತ್ತ ಯಾರು ಹೊಲಸು ಎಂದು ಲೆಕ್ಕ ಸಿಗದೆ ಕೂತಿದ್ದೆ.

ನಲವತ್ತು ತುಂಬಿದ ದಿನ ನಮ್ಮಲ್ಲಿ ಬಾಣಂತಿಗೆ ತಲೆಗೆ ನೀರು ಹಾಕಿ ಉಡಿ ತುಂಬುತ್ತೇವೆ. ಜುಗೂಳದಿಂದ ಬೀಗತಿ, ಅಂದರೆ ಮೊಮ್ಮಗಳ ಅತ್ತೆ, ಬಂದಳು, ಹಸಿರು ಸೀರೆ, ಕೂಸಿಗೆ ಝಬಲಾ, ಟೊಪ್ಪಿಗೆ ತಂದಿದ್ದಳು. ಸೊಸೆ ಮಗ್ಗಕ್ಕೆ ರಜೆ ಹಾಕಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವ್ವಗ ಹೇಳಬ್ಯಾಡ, ಇದರ ಚಿಂತ್ಯಾಗ ಮಗ್ಗದಾಗ ಕೈ ಕೊಟ್ಟಾಳು ಎಂದು ಮೊಮ್ಮಗಳು ನನ್ನಿಂದ ಆಣೆ ಹಾಕಿಸಿದ್ದಳು.

ಮಣೆಯ ಮೇಲೆ ಕೂರಿಸಿದೆವು. ಬೀಗತಿ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕುತ್ತಿದ್ದಳು. ಐದು ಸಲ ಹಾಕಬೇಕು. ಮೂರನೇ ಸಲಕ್ಕೆ ಹುಡುಗಿಯ ಮುಖ ಬಿಳುಪಾಯಿತು. ನನ್ನನ್ನು ನೋಡಿದಳು. ಆಮೇಲೆ ಒಮ್ಮೆಲೇ ಎದ್ದು ಹಿತ್ತಿಲಿಗೆ ಓಡಿದಳು. ಅಕ್ಕಿ ನೆಲದ ತುಂಬ ಚೆಲ್ಲಿತು. ಆರತಿ ಹಿಡಿದ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಹೊರಗೆ ಸರಿದರು.

"ಇದೇನ್ರಿ ಬೀಗತೇರ, ಉಡಿ ತುಂಬೂ ಮುಂದ ಎದ್ದ ಹೋಗೂದು? ನಮ್ಮ ಮನೀಗಿ ಬರಾಕ ಅಕೀಗಿ ಮನಸಿಲ್ಲೇನ? ಇಲ್ಲಂದ್ರ ಹೇಳಿಬಿಡ್ರಿ."

ಸುಳ್ಳು ಹುಡುಕಿದೆ. ಸಿಗಲಿಲ್ಲ. ನನಗೆ ಸುಳ್ಳು ಬೇಗ ಸಿಗುವುದಿಲ್ಲ.

"ಮನಸ ಐತ್ರಿ. ಹೆರಿಗ್ಯಾಗ ಹಿಂದಿನ ತನಕ ಹರದೈತಿ. ಅಕೀಗಿ ಹೇಲ ಹಿಡಿಯಾಕ ಬರಾಂಗಿಲ್ಲ. ಕುಂತಲ್ಲೆ ಆಗತೈತಿ. ಅದಕ್ಕ ಓಡ್ಯಾಳ."

ಸೊಸೆ ಕೈಯಲ್ಲಿದ್ದ ತಾಟು ಕೆಳಗಿಟ್ಟಳು. "ಅತ್ತಿ, ಏನಂತೀರಿ? ನಲವತ್ತ ದಿನ ಆತ, ನನಗ ಯಾಕ ಹೇಳಲಿಲ್ಲ? ನಾ ಹಡದಾಕಿ ಅಲ್ಲೇನು?"

ಬೀಗತಿ ಕೂತು ನೆಲದ ಅಕ್ಕಿಯನ್ನು ಬಳಿದು ಗುಂಪು ಮಾಡಿದಳು. ಚಹಾ ಅರ್ಧ ಕುಡಿದಳು. "ನಾಳಿ ದವಾಖಾನಿಗಿ ಕರಕೊಂಡ ಹೋಗ್ರಿ. ಕರಿಯೂ ಮಾತ ಆಮ್ಯಾಲ ನೋಡೂನು," ಎಂದು ಎದ್ದಳು. ಅವಳ ಮುಖದಲ್ಲಿ ಸಿಟ್ಟಿತ್ತೋ, ಅಂಜಿಕೆಯಿತ್ತೋ, ಎಷ್ಟು ನೋಡಿದರೂ ನನಗೆ ಓದಲಾಗಲಿಲ್ಲ.

ಮೊಮ್ಮಗಳು ಹಿತ್ತಿಲಿಂದ ಬಂದು ಬಾಗಿಲಲ್ಲಿ ನಿಂತಳು. ಎಲ್ಲವೂ ಕೇಳಿಸಿತ್ತು.

"ನನ್ನ ಹೇಲಿನ ಸುದ್ದಿ ನನ್ನ ಅತ್ತಿಗೆ ಹೇಳಾಕ ನೀ ಯಾರ, ಆಯಿ?"

"ಮತ್ತ ಏನ ಹೇಳಬೇಕಿತ್ತ?"

"ಗೊತ್ತಿಲ್ಲ. ಆದ್ರ ಇದಲ್ಲ. ಇನ್ನ ಅವರು ಕರಿಯಾಕ ಬರೂದಿಲ್ಲ. ಮದಲ ನಾ ಹೋಗಾಂಗಿಲ್ಲ ಅಂತಿದ್ದೆ. ಈಗ ಅವರಽ ಒಲ್ಲೆ ಅಂತಾರ. ಅದೂ ಇದೂ ಬ್ಯಾರೆ ಬ್ಯಾರೆ."

ಬೇರೆ ಬೇರೆ ಹೌದು. ನಾನು ಹೇಳಿದ್ದು ತಪ್ಪೇ? ಹೇಳದಿದ್ದರೆ ಮನಸಿಲ್ಲದವಳು ಎಂಬ ಹೆಸರು ಬರುತ್ತಿತ್ತು. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಇವತ್ತಿಗೂ ತೂಗಿ ನೋಡುತ್ತೇನೆ, ತಕ್ಕಡಿ ನಿಲ್ಲುವುದಿಲ್ಲ.

ಮರುದಿನ ದವಾಖಾನೆಗೆ ಹೋದೆವು. ಡಾಕ್ಟರಬಾಯಿ ಪರೀಕ್ಷೆ ಮಾಡಿ ಕೈ ತೊಳೆದು ಬಂದು ಕೂತರು. ಔಷಧ ಮುಗಿಯಿತೇ ಎಂದು ಕೇಳಿದರು. ಮೊಮ್ಮಗಳು ನನ್ನನ್ನು ನೋಡಲಿಲ್ಲ. ನಾನೇ ಹೇಳಿದೆ, ಭರಣಿಯ ಹಿಂದೆ ಇದೆ ಎಂದು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿ ಒಂದು ಉಂಗುರದಂಥ ಮಾಂಸ ಇರುತ್ತದಂತೆ. ನನ್ನ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಇತ್ತು, ಅದನ್ನೇ ತೋರಿಸಿ, ನೋಡಿ ಆಯಿ, ಈ ಬಾಯಿ ಬಿಗಿಯುವ ದಾರ ಇದೆಯಲ್ಲ, ಅದರಂತೆ ಎಂದರು. ದಾರ ಹರಿದಿತ್ತು, ಕೂಡಿಸಿ ಹೊಲಿದಿದ್ದರು, ಒಂದು ಕಡೆ ಬಿಟ್ಟುಕೊಂಡಂತಿದೆ, ಎಷ್ಟು ಎಂದು ನೋಡಲು ಕೊಲ್ಲಾಪುರದಲ್ಲಿ ಒಳಗಿನ ಫೋಟೊ ತೆಗೆಸಬೇಕು. ಗಟ್ಟಿಯಾದದ್ದಕ್ಕೆ ತಿಣುಕಿದರೆ ಹೊಲಿಗೆಗೆ ಪೆಟ್ಟು, ಅದಕ್ಕೇ ಆ ಔಷಧ ಕೊಟ್ಟದ್ದು.

"ಹತ್ತ ದಿನಕ್ಕ ತಂದಿದ್ರ ಹಿಂಗ ಆಗತಿರಲಿಲ್ಲೇನ್ರಿ?"

"ಅದನ್ನ ಹೇಳಾಕ ಬರೂದಿಲ್ಲ ಆಯಿ. ಬಂದ್ರೂ ಆಗಬಹುದಿತ್ತು. ಆದ್ರ ನೀವು ಬರಬೇಕಿತ್ತು."

"ಪೂರಾ ಆರಾಮ ಆಗತೈತ್ರಿ?"

"ಭಾಳ ಮಂದೀಗಿ ಸುಧಾರಸತೈತಿ. ಈಕೀಗಿ ಎಷ್ಟ ಅಂತ ಈಗ ಹೇಳಲ್ಲ. ವ್ಯಾಯಾಮ ಮಾಡಲಿ. ಆಗಲಿಲ್ಲಂದ್ರ ಮತ್ತ ಆಪರೇಶನ್ ಐತಿ. ಹೇಳಿದಳಲ್ಲ, ಅದ ದೊಡ್ಡದು. ಎಷ್ಟೋ ಮಂದಿ ಹೇಳದನ ಇದ್ದುಬಿಡ್ತಾರ."

ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಓದಿದವರ ಹತ್ತಿರ ಹೋದರೆ ಗೊಂದಲ ಮುಗಿಯುತ್ತದೆ ಎಂದುಕೊಂಡಿದ್ದೆ.

ಕೊಲ್ಲಾಪುರಕ್ಕೂ ಹೋಗಿ ಬಂದೆವು. ಸ್ವಲ್ಪ ಭಾಗ ಬಿಟ್ಟಿದೆ, ಪೂರ್ತಿ ಅಲ್ಲ ಎಂದರು. ಅಲ್ಲಿಂದ ನಮ್ಮ ಮನೆಯಲ್ಲಿ ಹೊಸ ಬಾಣಂತನ ಶುರುವಾಯಿತು. ನೀರು ತಂಬಿಗೆ ತಂಬಿಗೆ. ಪಪ್ಪಾಯಿ, ಸೊಪ್ಪು, ಔಷಧ. ಘುಟ್ಟಿಯ ಸಾಣೆಕಲ್ಲನ್ನು ಸೊಸೆ ತೊಳೆದು ಮೇಲೆ ಇಟ್ಟಳು, ನನ್ನನ್ನು ಕೇಳಲಿಲ್ಲ. ಹೊಟ್ಟೆಯ ಗಾಳಿ ತಡೆಯುವಂತೆ ಒಳಗೆ ಹಿಂಡಿ ಹಿಡಿದು ಬಿಡುವ ವ್ಯಾಯಾಮ, ದಿನಕ್ಕೆ ನಾಲ್ಕು ಸಲ. ಮೊಮ್ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ದಿನ ಅವಳು ವ್ಯಾಯಾಮಕ್ಕೆ ಮಲಗಿದಾಗ ನಾನೂ ಪಕ್ಕದಲ್ಲಿ ಮಲಗಿ ಮಾಡಿದೆ. ಹೇಗಿರುತ್ತದೆ ನೋಡೋಣ ಎಂದು.

"ಮಾರಿ ಯಾಕ ಹಿಂಡಾಕತ್ತಿ? ಹಿಂಡೂದ ಮಾರಿ ಅಲ್ಲ."

"ಎಲ್ಲೆ ಹಿಂಡಾಕತ್ತೀನಿ ನನಗ ತಿಳಿವಲ್ದ ಬೇ."

ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ನಗುವಾಗಲೂ ಕೈ ಕೆಳಗೆ ಅರಿವೆಯ ಮೇಲೆ ಹೋಯಿತು, ಎಲ್ಲಿ ಬಂತೋ ಎಂದು.

ಸುಧಾರಿಸಿತು. ದಿನಾ ಆಗುತ್ತಿದ್ದದ್ದು ವಾರಕ್ಕೆ ಎರಡು ಸಲಕ್ಕೆ ಬಂತು. ಬರುವುದು ಗೊತ್ತಾಗತೊಡಗಿತು, ಆದರೆ ಗೊತ್ತಾದ ಮೇಲೆ ನೂರು ಎಣಿಸುವಷ್ಟು ಹೊತ್ತೂ ಸಿಗುತ್ತಿರಲಿಲ್ಲ. ಮೂರು ತಿಂಗಳು ತುಂಬಿತು, ಜುಗೂಳದಿಂದ ಯಾರೂ ಬರಲಿಲ್ಲ. ಗಂಡ ದಿನಾ ಫೋನು ಮಾಡುತ್ತಿದ್ದ, ಕೂಸನ್ನು ಫೋನಿನಲ್ಲಿ ನೋಡುತ್ತಿದ್ದ, ಕರೆಯುವ ಮಾತು ಎತ್ತುತ್ತಿರಲಿಲ್ಲ. ಅವನ ತಾಯಿ ಅವನಿಗೆ ಹೇಳಿದ್ದಾಳೋ ಇಲ್ಲವೋ ಇವಳಿಗೆ ಗೊತ್ತಿಲ್ಲ. ಕೇಳಿದರೆ ಹೇಳಬೇಕಾಗುತ್ತದೆ ಎಂದು ಇವಳೂ ಕೇಳಲಿಲ್ಲ.

ನಾಲ್ಕನೇ ತಿಂಗಳಲ್ಲಿ ಬೀಗತಿ ನನಗೇ ಫೋನು ಮಾಡಿದಳು. "ಬರೂ ಸೋಮವಾರ ಮಗಾ ಗಾಡಿ ತರ್ತಾನ್ರಿ. ಸಂಡಾಸ ದನದ ಕೊಟ್ಟಗಿ ಹಿಂದ ಐತಿ, ದೂರ ಆಗತೈತಿ. ಅದಕ್ಕ ಅದರ ಬಾಜೂಕಿನ ಕಾಳಿನ ಖೋಲಿ ತೆರವು ಮಾಡೀನಿ. ಅಕೀ ಹಾಸಿಗಿ ಅಲ್ಲೆ." ಅಷ್ಟೇ ಹೇಳಿ ಇಟ್ಟಳು.

ಮೊಮ್ಮಗಳಿಗೆ ಹೇಳಿದೆ. ಅವಳು ಕೂಸನ್ನು ತೊಡೆಯ ಮೇಲಿಂದ ಕೆಳಗೆ ಮಲಗಿಸಿದಳು.

"ಹತ್ರ ಆಗಲಿ ಅಂತ ಮಾಡ್ಯಾರೋ, ನನ್ನ ಮನಿ ಹೊರಗ ಇಡಾಕ ಮಾಡ್ಯಾರೋ?"

ಇಷ್ಟು ವರ್ಷ ಈ ಮನೆಯಲ್ಲಿ ಎಲ್ಲದಕ್ಕೂ ಉತ್ತರ ಹೇಳಿದವಳು ನಾನು. ಹೇಳಿದ ಉತ್ತರಗಳಿಂದ ಏನಾಯಿತು ಎಂದು ಎದುರಿಗೇ ಕೂತಿತ್ತು.

"ಗೊತ್ತಿಲ್ಲ. ಹೋಗಿ ನೋಡ. ಹೊರಗ ಇಟ್ಟಾರ ಅನಿಸಿತಂದ್ರ ಹೊಳ್ಳಿ ಬಾ. ನಾ ಯಾಕ ಬಂದಿ ಅಂತ ಕೇಳಾಂಗಿಲ್ಲ."

"ಹೋಗಂತಿಯೋ ಬ್ಯಾಡಂತಿಯೋ?"

"ಎರಡೂ ಅನ್ನಾಂಗಿಲ್ಲ."

ಅವಳು ಎರಡು ದಿನ ಯೋಚಿಸಿದಳು. ಸೋಮವಾರ ಹೋದಳು. ಚೀಲದಲ್ಲಿ ಕೂಸಿನ ಅರಿವೆ ಒಂದು ಕಡೆ, ತನ್ನವು ಒಂದು ಕಡೆ ಇಟ್ಟಳು. ನಾನು ಸೊಸೆ ಬಾಗಿಲಲ್ಲಿ ನಿಂತಿದ್ದೆವು. ಅಳಿಯ ನಮ್ಮ ಕಾಲಿಗೆ ಬಿದ್ದ, ಮುಖದಲ್ಲಿ ಏನೂ ಕಾಣಲಿಲ್ಲ.

ಮಧ್ಯಾಹ್ನ ದಾಟಿ ಅವಳ ಫೋನು ಬಂತು.

"ಮುಟ್ಟಿದ್ವಿ ಆಯಿ."

"ದಾರ್ಯಾಗ?"

"ಒಮ್ಮಿ ಗಾಡಿ ನಿಲ್ಲಸಂದೆ. ಯಾಕಂದ್ರು. ಹೇಳಿದೆ. ಎಲ್ಲಾ ಹೇಳಿದೆ. ಪೆಟ್ರೋಲ್ ಪಂಪಿನ್ಯಾಗ ನಿಲ್ಲಸಿದ್ರು. ಆಮ್ಯಾಲ ಜುಗೂಳದ ತನಕ ಮಾತ ಆಡಲಿಲ್ಲ."

"ಸಿಟ್ಟಿಗೆದ್ದಾನೇನ?"

"ಗೊತ್ತಾಗಲಿಲ್ಲ. ಇಳಿಯೂ ಮುಂದ ಚೀಲ ಅವರಽ ಹಿಡಕೊಂಡ್ರು. ನನ್ನ ಅರಿವಿ ಇದ್ದ ಚೀಲ."

"ಖೋಲಿ ಹೆಂಗ ಐತಿ?"

"ಸುಣ್ಣ ಹಚ್ಯಾರ. ಕಿಡಕಿ ಐತಿ. ಆಯಿ, ಇಲ್ಲೆ ಎರಡ ಹಾಸಿಗಿ ಹಾಸ್ಯಾರ. ಇನ್ನೊಂದ ಅತ್ತೀದಂತ. ಅವರೂ ಇನ್ನ ಮ್ಯಾಲೆ ಇಲ್ಲೇ ಮಲಗತಾರಂತ."

"ಯಾಕಂತ?"

"ಕೇಳಿಲ್ಲ."

ಫೋನು ಇಟ್ಟೆ. ಬೀಗತಿ ಅಲ್ಲಿ ಮಲಗುವುದು ಕೂಸನ್ನು ನೋಡಿಕೊಳ್ಳಲೋ, ತನ್ನ ಸೊಸೆಯ ಮೇಲೆ ಕಣ್ಣಿಡಲೋ, ಇಲ್ಲ ಮೂವರನ್ನು ಹೆತ್ತ ಆ ಹೆಂಗಸಿಗೂ ಸಂಡಾಸು ಹತ್ತಿರವೇ ಬೇಕಾಗಿತ್ತೋ, ನನಗೆ ಹೊಳೆಯಲಿಲ್ಲ. ನನ್ನ ಸೊಸೆ ಕೇಳಿದಳು, ಏನಂದಳು ಎಂದು. ಮುಟ್ಟಿದ್ದಾಳೆ, ಹೊಳ್ಳಿ ಬರುತ್ತೇನೆ ಎನ್ನಲಿಲ್ಲ ಎಂದೆ.